ಡಾಲ್ಫಿನ್‌ಗಳು ಮಲಗುವ ಹೊತ್ತು

ಅವಳು ದುರ್ಬೀನಿನ ಗಾಜು ಒರೆಸಿ ಮತ್ತೆ ನೋಡಿದಳು. ಸಂಶಯವೇ ಇರಲಿಲ್ಲ. ಕೊಲ್ಲಿಯ ನಟ್ಟನಡುವೆ ಎಂಜಿನ್ ಗುರುಗುಟ್ಟಿಸಿಕೊಂಡು ನಿಂತಿದ್ದದ್ದು ಅವನದೇ ಹಸಿರು ದೋಣಿ.

ಈ ದ್ವೀಪದ ಡಾಲ್ಫಿನ್‌ಗಳದು ರಾತ್ರಿಪಾಳಿ. ಕತ್ತಲಾದರೆ ಆಳ ಸಮುದ್ರದಲ್ಲಿ ಬೇಟೆ, ಹೊತ್ತೇರಿದರೆ ಆಳವಿಲ್ಲದ ಈ ಕೊಲ್ಲಿಯಲ್ಲಿ ನಿದ್ದೆ. ಮೈಗೆ ಮೈ ತಾಗಿಸಿಕೊಂಡು ನಿಧಾನವಾಗಿ ಈಜುತ್ತಲೇ ಮಲಗುತ್ತವೆ. ಆಗ ದೋಣಿ ನುಗ್ಗಿದರೆ ಬಡಪಾಯಿಗಳು ನಿದ್ದೆಗೆಟ್ಟು ಹೊರಗೆ ಓಡುತ್ತವೆ. ದಿನವೂ ಹೀಗಾದರೆ ಮರಿಗೆ ಹಾಲೂಡಿಸಲು ತಾಯಂದಿರಿಗೆ ತ್ರಾಣ ಉಳಿಯುವುದಿಲ್ಲ. ಅದಕ್ಕೇ ಹಗಲು ಯಾವ ದೋಣಿಯೂ ಕೊಲ್ಲಿಗೆ ಬರಬಾರದೆಂದು ನಿಯಮ. ಗುಡ್ಡದ ಮೇಲಿನ ಗುಡಿಸಲಿನಿಂದ ಕಾಯುವುದು ಅವಳ ಕೆಲಸ. ಎಲ್ಲರ ಬಾಯಲ್ಲೂ ಅವಳು 'ಡಾಲ್ಫಿನ್ ಮೇಡಂ'.

ಆ ನಿಯಮಕ್ಕೆ ಉಳಿದ ಪ್ರವಾಸಿ ದೋಣಿಯವರನ್ನು ಒಪ್ಪಿಸಿದವನೂ ಈ ಹಸಿರು ದೋಣಿಯವನೇ. ಸಭೆಯಲ್ಲಿ ಎದ್ದುನಿಂತು, "ನಮ್ಮನೆ ಮಕ್ಕಳು ಮಲಗಿದ್ರೆ ಪಕ್ಕದಲ್ಲಿ ತಟ್ಟೆ ಬಡೀತೀವಾ?" ಎಂದಿದ್ದ. ಕೂರುವ ಮುಂಚೆ ಅವಳತ್ತ ಒಮ್ಮೆ ನೋಡಿದ್ದ, ಸರಿಯಾಯ್ತಾ ಎಂದು ಕೇಳುವಂತೆ. ಅವತ್ತಿನಿಂದ ಅವಳ ಮನಸ್ಸು ಅವನತ್ತಲೇ ವಾಲಿತ್ತು.

ಈಗ ನೋಡಿದರೆ ಅವನೇ! ಜ್ವರ ಬಂದು ವಾರವಿಡೀ ಕೆಳಗಿನ ಊರಿನ ಕೋಣೆಯಲ್ಲಿ ಮಲಗಿದ್ದವಳು ಇವತ್ತಷ್ಟೇ ಗುಡ್ಡ ಹತ್ತಿದ್ದಳು. ಕಣ್ಣೆದುರೇ ಇಡೀ ಗುಂಪು ಚದುರಿ ಕೊಲ್ಲಿ ಬಿಟ್ಟು ಹೋಯಿತು.

ಕೂತಳು, ಎದ್ದಳು, ಆರಿದ ಚಹಾ ಕುಡಿದಳು. ವರದಿ ಕಳಿಸಿದರೆ ಈ ಸೀಸನ್ನಿಗೆ ಅವನ ಲೈಸೆನ್ಸ್ ಹೋದಂತೆಯೇ, ಜೊತೆಗೆ ಅವನೂ. ಕಳಿಸದಿದ್ದರೆ ನಾಳೆ ಇನ್ನೊಬ್ಬನಿಗೆ ಯಾವ ಮುಖ ಇಟ್ಟುಕೊಂಡು ಬುದ್ಧಿ ಹೇಳುವುದು? ಕೊನೆಗೆ ತಡೆಯಲಾರದೆ ಜೆಟ್ಟಿಗೆ ಇಳಿದಳು.

ಅವನು ಹಗ್ಗ ಸುತ್ತುತ್ತಿದ್ದ.

"ಜಾಸ್ತಿ ದುಡ್ಡು ಕೊಡ್ತೀವಿ ಅಂದ್ರಾ ಟೂರಿಸ್ಟ್‌ಗಳು?"

"ದೋಣೀಲಿ ಯಾರಾದ್ರೂ ಕಂಡ್ರಾ ಮೇಡಂ?"

ಕಂಡಿರಲಿಲ್ಲ. ದೋಣಿ ಖಾಲಿಯಿತ್ತು.

"ಮತ್ಯಾಕೆ ಹೋದ್ರಿ?"

ಅವನು ಹಗ್ಗವನ್ನೇ ನೋಡಿದ. ಟಿಕೆಟ್ ಕಿಟಕಿಯಿಂದ ಅವನ ಅಕ್ಕ ತಲೆ ಹೊರಹಾಕಿದಳು. "ಅವನು ಬಾಯಿ ಬಿಡಲ್ಲ, ನಾನೇ ಹೇಳ್ತೀನಿ. ನಿಮಗೆ ಜ್ವರ ಅಂತ ಕೇಳಿದಾಗಿಂದ ಇವನಿಗೆ ಕೂತಲ್ಲಿ ಕೂರೋಕಾಗ್ತಿಲ್ಲ. ನಿಮ್ಮ ಗುಡಿಸಲು ಕಾಣೋದು ಕೊಲ್ಲಿ ಮಧ್ಯದಿಂದ ಮಾತ್ರ. ಬಂದ್ರಾ ಇಲ್ವಾ ಅಂತ ನೋಡೋಕೆ ಹೋಗಿದ್ದಾನೆ, ಪೆದ್ದ!"

"ಅಕ್ಕಾ!" ಅವನ ಕಿವಿಯವರೆಗೂ ಕೆಂಪೇರಿತು.

"ಕೋಣೆಗೇ ಬಂದು ವಿಚಾರಿಸಬಹುದಿತ್ತಲ್ಲ?"

"ಏನಂತ ಬರ್ಲಿ? ನಾನು ನಿಮಗೆ ಏನಾಗ್ಬೇಕು?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಎರಡನ್ನೂ ನುಂಗಿಕೊಂಡಳು. "ಮರಿಗಳಿದ್ವು ಆ ಗುಂಪಲ್ಲಿ."

"ನೋಡ್ದೆ. ಎಂಜಿನ್ ಆಫ್ ಮಾಡೋಷ್ಟರಲ್ಲಿ ತಡ ಆಗಿತ್ತು."

"ನಾನು ವರದಿ ಕಳಿಸ್ತೀನಿ."

ಅವನು ತಲೆಯಾಡಿಸಿ ಮತ್ತೆ ಹಗ್ಗ ಸುತ್ತತೊಡಗಿದ.

ವರದಿ ಹೋಯಿತು. ಲೈಸೆನ್ಸೂ ಹೋಯಿತು. ಹಸಿರು ದೋಣಿಯನ್ನು ದಡಕ್ಕೆಳೆದು ಕಟ್ಟಿದರು. ಎದುರು ಸಿಕ್ಕ ಅಕ್ಕ ಮುಖ ತಿರುಗಿಸಿದಳು. ಮಾಡಿದ್ದು ಸರಿ ಎಂದು ಗೊತ್ತಿದ್ದರೂ ಅವಳಿಗೆ ಎದೆಗೆ ಬೆಂಕಿ ಬಿದ್ದಂತಿತ್ತು. ದುರ್ಬೀನು ಕೊಲ್ಲಿಯ ಕಡೆಗೆ, ಕಿವಿಯೆಲ್ಲ ಗುಡ್ಡದ ದಾರಿಯ ಕಡೆಗೆ.

ಒಂದು ಬೆಳಿಗ್ಗೆ ಆ ದಾರಿಯಲ್ಲಿ ಏದುಸಿರು ಕೇಳಿಸಿತು. ಕೈಯಲ್ಲೊಂದು ಡಬ್ಬಿ ಹಿಡಿದು ಅವನು ಬಾಗಿಲಲ್ಲಿ ನಿಂತಿದ್ದ.

"ಕೆಲಸ ಇಲ್ಲ ಮೇಡಂ, ನೀವೇ ಕಿತ್ಕೊಂಡ್ರಿ. ಇಲ್ಲಿ ಇನ್ನೊಂದು ಜೊತೆ ಕಣ್ಣು ಬೇಕಾ ಅಂತ ಕೇಳೋಕೆ ಬಂದೆ."

"ಅಕ್ಕ ಬೈಯಲ್ವಾ?"

"ಬೈತಾಳೆ. ಬೈಕೊಂಡೇ ನಿಮಗೂ ಸೇರಿಸಿ ಊಟ ಕಟ್ಟಿಕೊಟ್ಲು."

"ನಿಮಗೆ ಕೋಪ ಇಲ್ವಾ?"

"ಇತ್ತು. ಊಟ ಸೇರ್ತಿರ್ಲಿಲ್ಲ. ಆಮೇಲೆ ಅನ್ನಿಸ್ತು, ಬೇರೆ ಯಾರಾದ್ರೂ ಆಗಿದ್ರೆ ಮುಚ್ಚಿಹಾಕ್ತಿದ್ರು. ಆದ್ರೆ ಅಂಥೋರನ್ನ ನೋಡೋಕೆ ನಾನು ಕೊಲ್ಲಿಗೆ ಹೋಗ್ತಾನೇ ಇರ್ಲಿಲ್ಲ."

ಅವಳು ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು. ಅವನು ಕೂತ. ಅವಳ ಕೈ, ಹಗ್ಗ ಎಳೆದು ಒರಟಾದ ಅವನ ಅಂಗೈಯನ್ನು ಹುಡುಕಿ ಹಿಡಿದುಕೊಂಡಿತು.

"ನನ್ನ ನೋಡ್ಬೇಕು ಅನ್ಸಿದ್ರೆ ಗುಡ್ಡ ಹತ್ತಿ ಬಾ," ಎಂದಳು.

"ದಿನಾ ಅನ್ಸುತ್ತೆ."

"ದಿನಾ ಬಾ."