ಚೀಲದಾಗಿನ ಸ್ಪೀಕರ್

ಮಯೂರಿ, ನಮ್ಮ ಮನ್ಯಾಗ ಹಾಡ ಹಚ್ಚಿದ್ರ ನಿಪ್ಪಾಣಿತನಾ ಕೇಳ್ತಿತ್ತ ನೋಡವಾ. ಆತು, ಅರ್ಧಾ ಸುಳ್ಳ. ಹಾದ್ಯಾಗಿನ ಅಕ್ಕೋಳ ಊರ ದಾಟ್ತಿರ್ಲಿಲ್ಲ.

ನಮ್ಮ ಮುದುಕ, ನನ್ನ ಗಂಡ, ಸತ್ತ ಮ್ಯಾಲೂ ದಿನಾ ಹೊತ್ತ ಮುಳಗೂ ಮುಂದ ಹಳೇ ಸ್ಪೀಕರ್ ಡಬ್ಬ್ಯಾಗಿಂದ ಹಾಡಿನ ನಡುವ ಕೆಮ್ಮಿ, ನನಗ "ಸುಗಂಧಾ, ಉಣ್ಣ ಬೇ" ಅಂತಿದ್ದ. ಜೈನರ ಮನಿ, ಕತ್ತಲಾದ್ರ ಉಣ್ಣಂಗಿಲ್ಲಲ್ಲ.

ಮೊನ್ನೆ ಅಳಿಯ ಸಮ್ಮೇದ ಹಳೇ ಡಬ್ಬಿ ಎಲ್ಲಾ ಬಿಚ್ಚಿ, ಒಂದ ಆಂಪ್ಲಿಫಾಯರ್, ಎರಡ ಹೊಸಾ ಸ್ಪೀಕರ್ ಇಟ್ಟ.

"ಧ್ವನಿ ಏನೂ ಕಮ್ಮಿ ಆಗಂಗಿಲ್ರಿ ಅತ್ತಿ."

ಖರೇನ, ಹಾಡ ಬೆಣ್ಣಿಯಂಗ ಬಂತು. ಕೆಮ್ಮ ಬರ್ಲಿಲ್ಲ. ಮುದುಕ ಹ್ವಾದ ಅಂದ್ಕೊಂಡ್ನಿ.

ಹೊತ್ತ ಇನ್ನೂ ಸ್ವಲ್ಪ ಇಳೀತು. ಮೂಲ್ಯಾಗ ಚೀಲದಾಗ ಕಟ್ಟಿಟ್ಟಿದ್ದ ಹಳೇ ಸ್ಪೀಕರ್ ಕೆಮ್ಮಿತು.

"ಉಣ್ಣ ಬೇ!"

ಚೀಲ ಮುಟ್ಟಿದ್ರ ಭಾಂವಿ ನೀರಿನಂಗ ತಣ್ಣಗಿತ್ತು.

"ತಡೀರಿ, ಉಣ್ತೀನಿ" ಅಂದು, ನಿರಾಳಾಗಿ ಒಂದ ರೊಟ್ಟಿ ಹೆಚ್ಚ ಉಂಡ್ನಿ.

ಸಮ್ಮೇದ ಕಿತ್ತ ಕೊಟ್ಟಿದ್ದ ಅದರ ವಾಯರೆಲ್ಲಾ ಆಗ ನನ್ನ ಉಡಿಯಾಗ ಇದ್ವು. ಹಂಗಾರ ಮುದುಕ ಯಾವ ಹಾದೀಲೆ ಬಂದ, ನೀನ ಹೇಳ ನೋಡೋಣು.