ಕುಣಿ ಮಗ್ಗದ ಮನೆ ಕೊಡುವುದಿದೆ

"ಯಾರ್ರೀ ನೀವು? ನಮ್ಮವ್ವನ ಮಗ್ಗದ ಕುಣ್ಯಾಗ ಇಳಿಯಾಕ ನಿಮಗ ಯಾರು ಹೇಳಿದ್ರು?"

ಬೆಳಗಿನ ಪಾಳಿ ಮುಗಿಸಿ ಆಗಷ್ಟೇ ಮನೆಗೆ ಬಂದ ವಿದ್ಯಾಶ್ರೀ ಹೊಸ್ತಿಲಲ್ಲೇ ನಿಂತುಬಿಟ್ಟಳು. ನಡುಮನೆಯ ನೆಲದಲ್ಲಿ ತೋಡಿದ ಕುಣಿಯೊಳಗೆ, ತೊಡೆಯವರೆಗೆ ಇಳಿದು, ಗುರುತು ಪರಿಚಯವಿಲ್ಲದ ಒಬ್ಬ ಗಂಡಸು ಅಳತೆ ಟೇಪು ಹಿಡಿದು ನಿಂತಿದ್ದ. ಅವ್ವ ಅಂಚಿಗೆ ಕುಳಿತು, ಆ ಕುಣಿಯೊಳಗೆ ಕಾಲು ಇಳಿಬಿಟ್ಟು, ಮೂವತ್ತು ವರ್ಷ ಮಗ್ಗ ತುಳಿದಿದ್ದಳು.

ಅವನು ಗಾಬರಿಯಾಗಲಿಲ್ಲ. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು.

"ಮನಿ ನನಗ ಕೊಟ್ಟೀರಲ್ರಿ… ನನ್ನ ಮಗ್ಗ ಕೂಡತೈತೋ ಇಲ್ಲೋ ಅಂತ ನೋಡಾಕತ್ತಿದ್ದೆ."

"ಕೊಟ್ಟೀವಿ? ಯಾರು ಕೊಟ್ಟಾರ?"

ಅಡುಗೆ ಮನೆಯಿಂದ ಚಹದ ಕಪ್ಪು ಹಿಡಿದು ತಾಯಿ ಶಿವಲಕ್ಷ್ಮಿ ಕುಂಟುತ್ತಾ ಬಂದಳು.

"ನಾನ ಕೊಟ್ಟೀನಿ, ಬಾಡಗಿಗೆ. ಹೊನ್ನೇಶ ಅಂತ, ಹೊಂಬಳದಾಂವ. ಚಲೋ ನೇಕಾರ. ನೀ ಮೊದಲ ಚಪ್ಪಲಿ ಬಿಟ್ಟು ಒಳಗ ಬಾ."

ವಿದ್ಯಾಶ್ರೀಗೆ ಸಣ್ಣ ಸಿಟ್ಟು ಬಂದರೆ ದನಿ ಏರುತ್ತದೆ, ದೊಡ್ಡ ಸಿಟ್ಟು ಬಂದರೆ ಇಳಿಯುತ್ತದೆ. ಈಗ ಇಳಿಯಿತು.

"ಅವ್ವಾ, ಈ ಮನಿ ಮಾರೂದೈತಿ. ಲಕ್ಕಪ್ಪಣ್ಣಗ ಮಾತು ಕೊಟ್ಟೀನಿ."

ವಿಷಯ ಇಷ್ಟೇ. ನರ್ಸ್ ಕೆಲಸದ ವಿದ್ಯಾಶ್ರೀಗೆ ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿ ಕಡೆಗೆ ವರ್ಗವಾಗಿತ್ತು. ಅಲ್ಲಿಯೇ ಕ್ವಾರ್ಟರ್ಸಿನಲ್ಲಿ ಇರಬೇಕು, ತಾಯಿಯನ್ನೂ ಕರೆದೊಯ್ಯಬೇಕು. ಹಾಗಾದರೆ ಬೆಟಗೇರಿಯ ಈ ಎರಡು ಕೋಣೆಯ ಮನೆಯನ್ನು ಏನು ಮಾಡುವುದು? ಬಾಡಿಗೆಗೆ ಕೊಡೋಣ ಎಂದು ತಾಯಿ, ಮಾರಿಬಿಡೋಣ ಎಂದು ಮಗಳು. ಒಂದು ವಾರದಿಂದ ಆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೂಡ ಜಗಳದ ಹಾಗೆ ಕೇಳುತ್ತಿತ್ತು.

ವಿದ್ಯಾಶ್ರೀಗೆ ಮನೆಯ ಮೇಲಲ್ಲ, ಆ ಕುಣಿಯ ಮೇಲೆ ಸಿಟ್ಟು. ಅವ್ವನ ಎರಡೂ ಮೊಣಕಾಲು ಅಲ್ಲೇ ಸವೆದಿದ್ದವು. ಅದಕ್ಕೇ ಮನೆ ಕೊಳ್ಳಲು ಮುಂದೆ ಬಂದಿದ್ದ ಲಕ್ಕಪ್ಪನಿಗೆ ಅವಳು ಒಂದೇ ಷರತ್ತು ಹಾಕಿದ್ದಳು. ಸಂಚಕಾರದ ಮುಂಗಡ ಹಣ ತೆಗೆದುಕೊಳ್ಳುವ ಮೊದಲು ಕುಣಿಗೆ ಮಣ್ಣು ಬೀಳಬೇಕು, ಅದೂ ತನ್ನ ಕಣ್ಣೆದುರಿಗೆ.

ಲಕ್ಕಪ್ಪ ಊರಲ್ಲಿರಲಿಲ್ಲ, ಬರುವುದು ಮುಂದಿನ ಗುರುವಾರ. ಅಲ್ಲಿಯವರೆಗೆ ತಾಯಿಯೂ ಸೋಲಲಿಲ್ಲ. ಕುಣಿಯ ಅಂಚು ಉದುರಿದೆ, ಸರಿ ಮಾಡಿಕೊಡು ಎಂದು ಹೊನ್ನೇಶನನ್ನು ದಿನಾ ಕರೆಸಿಕೊಂಡಳು.

ಅವನಿಗೂ ಬೇರೆ ದಾರಿಯಿರಲಿಲ್ಲ. ಅವನು ಬಾಡಿಗೆಗಿದ್ದ ಮನೆಯ ಮಾಲೀಕರು ಕುಣಿ ಮುಚ್ಚಿಸಿ ಫರಶಿ ಕಲ್ಲು ಹಾಕಿಸುತ್ತಿದ್ದರು. ಬೆಟಗೇರಿಯಲ್ಲಿ ಈಗ ಕುಣಿ ಇರುವ ಮನೆ ಹುಡುಕಿದರೂ ಸಿಗುವುದಿಲ್ಲ. ಇದೂ ತಪ್ಪಿದರೆ ಮಗ್ಗ ಬಿಚ್ಚಿಕೊಂಡು ಹೊಂಬಳಕ್ಕೆ ಹೋಗಿ ಬೇರೆಯವರ ಹೊಲದಲ್ಲಿ ಶೇಂಗಾ ಕೀಳಬೇಕಿತ್ತು.

"ಈ ಕುಣಿ ನಮ್ಮವ್ವನ ಮಣಕಾಲು ತಿಂದೈತಿ. ಈಗ ನಿಮ್ಮವು ಬೇಕಾಗ್ಯಾವ ಅದಕ್ಕ," ಎಂದು ಒಂದು ದಿನ ಅವನ ತಲೆಯ ಮೇಲೆ ನಿಂತು ಬೈದಳು.

"ನನ್ನ ಮಣಕಾಲಿನ ಚಿಂತಿ ನಿಮಗ ಯಾಕ್ರಿ, ವಿದ್ಯಾ ಅವರ?"

"ನನಗ್ಯಾಕ ಚಿಂತಿ? ನಾ ನರ್ಸ್. ಯಾರ ಮಣಕಾಲಾದ್ರೂ ನನಗ ಒಂದ."

ಸುಳ್ಳು. ಮರುದಿನ ಔಷಧಿ ಅಂಗಡಿಯಿಂದ ಮೊಣಕಾಲಿಗೆ ಸುತ್ತುವ ಪಟ್ಟಿ ಎರಡು ಜೊತೆ ತಂದಳು. ತಾಯಿಗೆ ಒಂದು ಜೊತೆ ಸಾಕಿತ್ತು. ಇನ್ನೊಂದನ್ನು ಅವನ ಚೀಲದ ಮೇಲೆ ಒಗೆದು ಒಳಗೆ ಹೋದಳು.

ಇಡೀ ಓಣಿ ಅವಳನ್ನು 'ಸಿಸ್ಟರ್' ಎನ್ನುತ್ತದೆ. ಹೊನ್ನೇಶ ಮಾತ್ರ ಒಂದು ದಿನವೂ ಹಾಗೆ ಕರೆಯಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು… ಯಾಕೆ ಎಂದು ತನ್ನನ್ನೇ ಕೇಳಿಕೊಳ್ಳುವ ಧೈರ್ಯ ಬರಲಿಲ್ಲ.

ಬುಧವಾರ ಮಧ್ಯಾಹ್ನ ಹೊಂಬಳದ ಬಸ್ಸಿನಿಂದ ಒಬ್ಬ ಅಜ್ಜಿ ಇಳಿದು ಬಂದಳು. ಹೊನ್ನೇಶನ ಅಜ್ಜಿ ಮುದುಕವ್ವ. ಕೈಚೀಲದಿಂದ ಕುಬಸದ ಖಣ, ತೆಂಗಿನಕಾಯಿ, ಸಕ್ಕರೆ ಪೊಟ್ಟಣ ಒಂದೊಂದಾಗಿ ತೆಗೆದು ಚಾಪೆಯ ಮೇಲಿಟ್ಟಳು.

"ಬಾ ಯವ್ವಾ, ಇಲ್ಲಿ ಕುಂಡ್ರು. ಉಡಿ ತುಂಬ್ತೀನಿ."

"ನನಗ್ಯಾಕ ಅಜ್ಜಿ?"

"ಯಾಕಂತ ಕೇಳ್ತಿಯಲ್ಲ! ನಿಮ್ಮವ್ವ ನಿನ್ನ ನಮ್ಮ ಹೊನ್ನೇಶಗ ಕೊಟ್ಟಾಳಲ್ಲ. ನಾಕು ಮನಿಗೆ ಸಕ್ಕರಿ ಹಂಚಿ ಬಂದೀನಿ."

ಶಿವಲಕ್ಷ್ಮಿ ಹಣೆ ಹಿಡಿದುಕೊಂಡು ಕುಳಿತಳು. ಬಾಡಿಗೆಗೆ ಬರುವವನು ಎಂಥವನೋ ತಿಳಿಯಲೆಂದು ಅವಳೇ ಹೊಂಬಳಕ್ಕೆ ಫೋನ್ ಮಾಡಿದ್ದಳು. ಹುಡುಗ ಹೆಂಗ? ಕುಡಿತ ಗಿಡಿತ ಐತೇನು? ದುಡಿಮಿ ಚಲೋ ಐತೇನು? ಮನ್ಯಾಗ ಯಾರ್ಯಾರು ಇರ್ತೀರಿ? ಎಲ್ಲ ಕೇಳಿ ಮನಸ್ಸು ತುಂಬಿ, "ಆತು, ನಿಮ್ಮ ಹುಡುಗಗ ಕೊಟ್ಟಂಗ ತಿಳಕೋರಿ" ಎಂದಿದ್ದಳು. ಏನನ್ನು ಕೊಟ್ಟಂಗ ಎಂದು ಹೇಳುವುದನ್ನು ಮರೆತಿದ್ದಳು. ಇಷ್ಟೆಲ್ಲ ವಿಚಾರಿಸುವ ಹೆಣ್ಣುಮಗಳು ಮನೆಯ ವಿಷಯ ಮಾತಾಡುತ್ತಿದ್ದಾಳೆಂದು ಪಾಪ, ಮುದುಕವ್ವನಿಗೆ ಹೇಗೆ ಹೊಳೆಯಬೇಕು?

ಸರಿಯಾಗಿ ಅದೇ ಹೊತ್ತಿಗೆ ಕಲಸಿದ ಕೆಮ್ಮಣ್ಣಿನ ಬಕೆಟ್ಟು ಹಿಡಿದು ಹೊನ್ನೇಶ ಒಳಗೆ ಬಂದ.

ಅವ್ವ ವಿವರಿಸುವ ಮೊದಲೇ ವಿದ್ಯಾಶ್ರೀಯ ಬಾಯಿ ಓಡಿತು.

"ಚಲೋ ಹೂಟ ಹೂಡೀರಿ ಬಿಡ್ರಿ. ಹುಡುಗೀನ ಹಿಡದ್ರ ಮನಿ ತಾನ ಬರ್ತೈತಿ, ಬಾಡಗಿನೂ ಉಳೀತೈತಿ ಅಂತ ಮಾಡೀರಿ. ಅದಕ್ಕ ಅಜ್ಜೀನ ಕಳಿಸೀರಿ."

ಹೊನ್ನೇಶ ಖಣ ನೋಡಿದ, ತೆಂಗಿನಕಾಯಿ ನೋಡಿದ, ಅಜ್ಜಿಯ ಮುಖ ನೋಡಿದ. ಹತ್ತು ದಿನ ಬೈಸಿಕೊಂಡರೂ ನಗುತ್ತಿದ್ದ ಅವನ ಮುಖ ಮೊದಲ ಸಲ ಬಿಗಿಯಿತು.

"ಅಜ್ಜಿ, ಏಳು. ಹೋಗೋಣು."

ಆಮೇಲೆ ಅವಳ ಕಡೆ ತಿರುಗಿದ.

"ನಾ ಕೇಳಿದ್ದು ಕುಣಿ. ಬಾಡಗಿಗೆ. ನಿಮ್ಮನ್ನ ಕೇಳೂದಿದ್ರ ಅಜ್ಜೀನ ಕಳಸ್ತಿರಲಿಲ್ಲ, ನಾನ ಎದುರಿಗೆ ನಿಂತು ಕೇಳ್ತಿದ್ದೆ. ಕೇಳಬೇಕಂತ ಮನಸಿನ್ಯಾಗ ಇತ್ತು… ಈಗ ಇಲ್ಲ."

ಬಕೆಟ್ಟು ಅಲ್ಲೇ ಬಿಟ್ಟು, ಅಜ್ಜಿಯ ಕೈ ಹಿಡಿದು ನಡೆದ.

'ಹೋಗ್ಲಿ! ಹೋದ್ರ ಹೋಗ್ಲಿ!' ಎಂದುಕೊಂಡಳು ವಿದ್ಯಾಶ್ರೀ. ಆ ಸಂಜೆ ಸಿಟ್ಟಿನಲ್ಲಿ ಎರಡು ಪಾತ್ರೆ ಕುಕ್ಕಿದಳು, ಲಕ್ಕಪ್ಪನಿಗೆ ಫೋನ್ ಮಾಡಿ ಬೆಳಿಗ್ಗೆಯೇ ಬರಲು ಹೇಳಿದಳು, ಊಟ ಬೇಡವೆಂದಳು. ಮನಸ್ಸಿನೊಳಗೆ ಮಾತ್ರ 'ಈಗ ಇಲ್ಲ' ಎಂಬ ಅವನ ಮಾತೇ ಸುತ್ತುತ್ತಿತ್ತು. ಕೇಳಬೇಕೆಂದಿದ್ದನಂತೆ. ಹಾಗಾದರೆ ಕೇಳಬಾರದಿತ್ತೇ, ಮೂರ್ಖ…

ಗುರುವಾರ ಬೆಳಿಗ್ಗೆ ಲಕ್ಕಪ್ಪ ಒಂದು ಟ್ರ್ಯಾಕ್ಟರ್ ಮಣ್ಣಿನ ಜೊತೆಗೇ ಬಂದ. ಇಬ್ಬರು ಕೂಲಿಯವರು ಮೊದಲ ಬುಟ್ಟಿ ತುಂಬಿ ಒಳಗೆ ತಂದು ಕುಣಿಯ ಅಂಚಿಗೆ ನಿಂತರು.

"ಹೂಂ ಅನ್ರಿ ಸಿಸ್ಟರ್, ಸುರಿತಾರ," ಎಂದ ಲಕ್ಕಪ್ಪ.

ಶಿವಲಕ್ಷ್ಮಿ ಗೋಡೆ ಹಿಡಿದು ಎದ್ದು ನಿಂತಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು.

"ವಿದ್ಯಾ, ಮಣಕಾಲು ಹೋಗಿದ್ದು ನಂದು. ನನಗ ಈ ಕುಣಿ ಮ್ಯಾಲ ಸಿಟ್ಟಿಲ್ಲ. ಇಲ್ಲಿ ಕುಂತು ನೇಯ್ದು ನಿನ್ನ ನರ್ಸ್ ಮಾಡೀನಿ. ಅದು ನನ್ನ ಕೆಲಸ, ಯಾರೂ ನನಗ ಕೊಟ್ಟ ಶಿಕ್ಷಾ ಅಲ್ಲ. ನನ್ನ ಹೆಸರು ಹೇಳಿ ಸಿಟ್ಟು ಮಾಡಬ್ಯಾಡ. ನಿನ್ನ ಸಿಟ್ಟು ಖರೆ ಯಾರ ಮ್ಯಾಲೈತಿ, ಅದನ್ನ ಹೇಳು."

ವಿದ್ಯಾಶ್ರೀ ಕುಣಿಯ ಕಡೆ ನೋಡಿದಳು. ಈ ಊರು ಬಿಟ್ಟು ಹೋಗುವುದು ಅವಳಿಗೆ ಹದಿನೈದು ದಿನದ ಹಿಂದೆ ಕಷ್ಟವೇ ಆಗಿರಲಿಲ್ಲ. ಮನೆ ಮಾರಿದರೆ ಬೆಟಗೇರಿಗೆ ಮತ್ತೆ ಬರಲು ಒಂದು ಕಾರಣವೂ ಉಳಿಯುವುದಿಲ್ಲ ಎಂದು ಈಗ ಹೊಳೆಯಿತು. ತನ್ನ ಮೇಲೆಯೇ ಅವಳಿಗೆ ಸಿಟ್ಟು.

"ಲಕ್ಕಪ್ಪಣ್ಣಾರ, ಮಣ್ಣು ವಾಪಸ್ ಒಯ್ರಿ."

"ಮಾತು ಕೊಟ್ಟಿದ್ರಿ!"

"ಕೊಟ್ಟಿದ್ದೆ. ತಪ್ಪು ನಂದ. ಬೈಯೂದಿದ್ರ ಬೈರಿ."

ಲಕ್ಕಪ್ಪ ಮುಲಾಜಿಲ್ಲದೆ ಬೈದ. ಅವಳು ಪೂರ್ತಿ ನಿಂತು ಕೇಳಿ, ಚಪ್ಪಲಿ ಮೆಟ್ಟಿ ಹೊರಟಳು.

ಎರಡು ಓಣಿ ಆಚೆ ಹೊನ್ನೇಶ ಬಿಚ್ಚಿದ ಮಗ್ಗದ ತೊಲೆಗಳನ್ನು ಟೆಂಪೋಗೆ ಏರಿಸುತ್ತಿದ್ದ.

"ಇಳಸ್ರಿ ಅವನ್ನ," ಎಂದಳು, ಏದುಸಿರಿನಲ್ಲಿ.

"ಯಾಕ್ರಿ?"

"ಮನಿ ಮಾರಾಕತ್ತಿಲ್ಲ. ಬಾಡಗಿಗೆ ಕೊಡಾಕತ್ತೀನಿ, ನಿಮಗ."

"ನನಗ ಬ್ಯಾಡ. ನಿನ್ನಿ ಅಂಥಾ ಮಾತು ಕೇಳಿ, ಆ ಮನ್ಯಾಗ ನಾ ಹೆಂಗ ಕುಂತು ನೇಯಲಿ?" ಅವನು ತೊಲೆಗೆ ಹಗ್ಗ ಬಿಗಿಯುತ್ತಲೇ ಇದ್ದ.

ಅವಳು ಮುಂದೆ ಬಂದು ಆ ಹಗ್ಗವನ್ನೇ ಹಿಡಿದುಕೊಂಡಳು.

"ತಪ್ಪು ಮಾತಾಡಿದೆ. ಅವ್ವ ಫೋನಿನ್ಯಾಗ ಏನಂದಿದ್ಲು ಅನ್ನೂದು ಆಮ್ಯಾಲ ತಿಳೀತು. ನನಗ ಸಿಟ್ಟು ಮಾಡಾಕ ಅಷ್ಟ ಬರ್ತೈತಿ, ಮಾಫಿ ಕೇಳಾಕ ಬರೂದಿಲ್ಲ. ಆದ್ರೂ ಕೇಳಾಕತ್ತೀನಿ."

ಹೊನ್ನೇಶ ಅವಳ ಕಡೆ ತಿರುಗಿದ.

"ನಿನ್ನಿ… ಈಗ ಇಲ್ಲ ಅಂದ್ರೆಲ್ಲ. ಅದು ಖರೆನಾ?"

"ಸಿಟ್ಟಿನ್ಯಾಗ ಅಂದೆ."

"ನಾನೂ ಸಿಟ್ಟಿನ್ಯಾಗ ಅಂದದ್ದು."

"ನಿಮಗ ಯಾವಾಗ ಸಿಟ್ಟಿರೂದಿಲ್ಲ?" ಎಂದ ಅವನು. ತುಟಿಯ ಅಂಚಿನಲ್ಲಿ ನಗು ಇತ್ತು, ಕಣ್ಣುಗಳು ಮಾತ್ರ ಒದ್ದೆಯಾಗಿದ್ದವು.

ಅವಳು ನರ್ಸಿನ ದನಿ ತಂದುಕೊಂಡು ಒಂದೇ ಸಮನೆ ಹೇಳತೊಡಗಿದಳು.

"ತಾಸಿಗೊಮ್ಮೆ ಕುಣಿ ಬಿಟ್ಟು ಎದ್ದು ಅಡ್ಡಾಡಬೇಕು. ಪಟ್ಟಿ ಕಟ್ಟಿಕೊಂಡ ಕುಂಡ್ರಬೇಕು. ಐತವಾರಕ್ಕೊಮ್ಮೆ ಕೊರ್ಲಹಳ್ಳಿಂದ ಬಂದು ನೋಡ್ತೀನಿ."

"ಬಾಡಗಿ ತಿಂಗಳಿಗೊಮ್ಮೆ ಇಸಗೊಳ್ಳೂದಲ್ರಿ?"

"ಬಾಡಗಿ ಅವ್ವ ಇಸಗೋತಾಳ. ನಾ ಬರೂದು ನಿಮ್ಮನ್ನ ನೋಡಾಕ."

ಹೊನ್ನೇಶ ಹಗ್ಗ ಕೈಬಿಟ್ಟ.

"ಐತವಾರಕ್ಕ ಇನ್ನೂ ಮೂರು ದಿನ ಅದಾವಲ್ರಿ, ವಿದ್ಯಾ ಅವರ…"

"ಅದಕ್ಕ ಇವತ್ತ ಬಂದೀನಿ."