ಒಣಗಿದ ಆಪೂಸು

ಮಾರ್ಚ್ ತಿಂಗಳ ಎರಡನೆಯ ಸೋಮವಾರ ಬೆಳಿಗ್ಗೆ ಬೀರೇಶ ಕಲಘಟಗಿ ಪೊಲೀಸ್ ಠಾಣೆಗೆ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಬಂದ. ಚೀಲದಲ್ಲಿ ಮಾವಿನ ಟೊಂಗೆಯಿತ್ತು. ಎಲೆಗಳು ಸುಟ್ಟಂತೆ ಒಣಗಿ, ಗೋಲಿ ಗಾತ್ರದ ಕಾಯಿಗಳು ತೊಟ್ಟಿನಲ್ಲೇ ಕಪ್ಪಾಗಿದ್ದವು. ಅದನ್ನು ಇನ್‌ಸ್ಪೆಕ್ಟರ್ ಸುನೀತಾ ಅವರ ಮೇಜಿನ ಮೇಲಿಟ್ಟು ಹೇಳಿದ:

"ನನ್ನ ಗಿಡಾ ಕೊಂದಾರ್ರಿ ಮೇಡಂ."

ಬೀರೇಶನಿಗೆ ನಲವತ್ತೈದು ವರ್ಷ. ಬಸ್ ನಿಲ್ದಾಣದ ಎದುರು ಹಣಕಾಸು ಸಲಹಾ ಕೇಂದ್ರವೆಂದು ಫಲಕ ಹಾಕಿಕೊಂಡಿದ್ದ. ಯಾರು ಯಾವಾಗ ನಿವೃತ್ತರಾಗುತ್ತಾರೆಂದು ತಿಳಿದುಕೊಂಡು ಅವರ ಮನೆಗೆ ಹೋಗುವುದು, ಕೈಗೆ ಬಂದ ಇಡಿಗಂಟನ್ನು ಎಲ್ಲಿ ಹಾಕಬೇಕೆಂದು ಹೇಳುವುದು, ವಿಮೆ ಮಾಡಿಸುವುದು ಅವನ ಕೆಲಸ. ಮೂರು ವರ್ಷದ ಹಿಂದೆ ಬಮ್ಮಿಗಟ್ಟಿಯ ಹೊರಗೆ ಎರಡು ಎಕರೆ ಮಾವಿನ ತೋಟ ಕೊಂಡಿದ್ದ. ಎಲ್ಲವೂ ಫಲಕ್ಕೆ ಬಂದ ಆಪೂಸು ಗಿಡಗಳು.

"ಈ ವರ್ಷ ಎಂದೂ ಬಿಡದಷ್ಟು ಹೂ ಬಿಟ್ಟಿದ್ವು ರಿ. ಬಾವಿ ಬಾಜು ಗಿಡದಾಗ ಎಲಿನ ಕಾಣ್ತಿದ್ದಿಲ್ಲ. ವ್ಯಾಪಾರಿ ಬಂದು ಮುಂಗಡ ಕೊಟ್ಟು ಹೋದ. ಆಮ್ಯಾಲೆ ಕಾಯಿ ಉದುರಾಕ ಹತ್ತಿದ್ವು, ಎಲಿ ಒಣಗಿದ್ವು. ರೋಗ ಅಂತ ಔಷಧ ಹೊಡಿಸಿದೆ. ಮೊನ್ನೆ ತೋಟಗಾರಿಕಿಯವರು ಬಂದು ಬುಡದ ಮಣ್ಣು ಕೆದರಿದ್ರು. ಸುತ್ತ ಸಿಪ್ಪಿ ತಗದಾರ್ರಿ."

"ಯಾರ ಮ್ಯಾಲೆ ಸಂಶಯ ಐತಿ?"

ಬೀರೇಶ ಮೂವರ ಹೆಸರು ಹೇಳಿದ. ಮೂವರೂ ಅವನ ಗಿರಾಕಿಗಳು. ಮೂವರೂ ಅವನ ಕಚೇರಿಗೆ ಬಂದು ಜಗಳಾಡಿ ಹೋದವರು.

ನಷ್ಟ ಲಕ್ಷ ರೂಪಾಯಿಗೂ ಮಿಕ್ಕಿದ್ದರಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 324(5)ರ ಅಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಸುನೀತಾ ಅವರು ಹೆಡ್ ಕಾನ್‌ಸ್ಟೆಬಲ್ ಇಮಾಮಹುಸೇನ ಮತ್ತು ಇಬ್ಬರು ಪಂಚರನ್ನು ಕರೆದುಕೊಂಡು ತೋಟಕ್ಕೆ ಹೋದರು. ತೋಟಗಾರಿಕೆ ಇಲಾಖೆಯ ಸಹಾಯಕ ಅಧಿಕಾರಿಯೂ ಬಂದಿದ್ದರು.

ತೋಟ ಎರಡು ಬಣ್ಣವಾಗಿತ್ತು. ರಸ್ತೆಯ ಬದಿ ಹಸಿರು. ಬಾವಿಯ ಬದಿ ಅಲ್ಲಲ್ಲಿ ಕಂದು. ಒಣಗಿದ ಗಿಡ ಹತ್ತೊಂಬತ್ತು. ಸುನೀತಾ ಅಷ್ಟಕ್ಕೇ ನಿಲ್ಲಿಸದೆ ಪ್ರತಿಯೊಂದು ಗಿಡದ ಬುಡ ಕೆದರಿಸಿದರು. ಹಸಿರಾಗಿ ಕಾಣುತ್ತಿದ್ದ ಇನ್ನೂ ಇಪ್ಪತ್ಮೂರು ಗಿಡಗಳಿಗೆ ಮಣ್ಣಿನೊಳಗೆ ಅದೇ ಗಾಯವಿತ್ತು. ನೆಲಮಟ್ಟದಿಂದ ನಾಲ್ಕು ಬೆರಳು ಕೆಳಗೆ, ಅಂಗೈ ಅಗಲಕ್ಕೆ, ಕಾಂಡದ ಸುತ್ತಲೂ ತೊಗಟೆ ಸುಲಿದಿತ್ತು. ಮೇಲೂ ಕೆಳಗೂ ಗೆರೆ ಎಳೆದಂತೆ ಕೊಯ್ದ ಅಂಚು. ಮರಳಿ ಕೂಡಿಕೊಳ್ಳದಂತೆ ಒಳಗಿನ ಕಟ್ಟಿಗೆಯನ್ನೂ ಹೆರೆದು ನುಣುಪು ಮಾಡಲಾಗಿತ್ತು.

"ಇದು ಸಿಟ್ಟಿಗೆದ್ದು ಮಾಡಿದ್ದಲ್ಲ ಮೇಡಂ," ಎಂದರು ಅಧಿಕಾರಿ. "ಕಸಿ ಕಟ್ಟಿ ರೂಢಿ ಇದ್ದ ಕೈ. ಗಾಯಾ ಆಗಿ ಆರು ತಿಂಗಳಾತು. ಸಿಪ್ಪಿ ತಗದ್ರ ಎಲಿ ಮಾಡಿದ ಆಹಾರ ಬೇರಿಗೆ ಇಳಿಯೂದಿಲ್ಲ, ಮ್ಯಾಲೆ ನಿಂದರತೈತಿ. ಅದಕ್ಕ ಅಷ್ಟು ಹೂ ಬಿಟ್ಟಾವ. ಬೇರು ಉಪವಾಸ ಬಿದ್ದು ಕಡೀಕೆ ಗಿಡಾ ಸಾಯ್ತೈತಿ."

"ಹಸಿರಿದ್ದವು?"

"ಅವೂ ಹೋಗ್ತಾವ. ಹದಿನೈದು ದಿನದಾಗ ಯಾರರ ಗಾಯದ ಮ್ಯಾಲಿಂದ ಕೆಳಗ ಸೇತುವಿಯಂಗ ಎಳೀ ಟೊಂಗಿ ಸೇರಿಸಿ ಕಸಿ ಮಾಡಿದ್ರ ಒಂದಿಷ್ಟು ಉಳದಾವು. ಆದ್ರ ಅಂಥಾ ಕೈ ಈಗ ಎಲ್ಲಿ ಅದಾವು?"

ಸಂಜೆ ಐದಕ್ಕೆ ಪಂಚನಾಮೆ ಮುಗಿಯಿತು. ಕಾವಲುಗಾರ ಮೈಲಾರಪ್ಪ ವರ್ಷವಿಡೀ ತೋಟದ ಗುಡಿಸಲಲ್ಲೇ ಇರುವವನು. ಅವನನ್ನು ಬಾವಿಕಟ್ಟೆಯ ಹತ್ತಿರ ವಿಚಾರಿಸಿದರು.

"ಮಳಿಗಾಲ ಮುಗಿಯೂ ಮುಂದ ಹೊರಗಿನವರು ಯಾರರ ಬಂದಿದ್ರೇನು?"

"ಇಲ್ರಿ. ಬಂದ್ರ ನನಗ ಗೊತ್ತಾಗದ ಹೋಗೂದಿಲ್ಲ."

"ನಲವತ್ತೆರಡು ಗಿಡಾ ಸುಲದಾರ. ಒಂದೊಂದಕ್ಕೂ ತಾಸು ಹಿಡೀತೈತಿ. ನೀವು ಏನ್ ಮಾಡ್ತಿದ್ರಿ?"

ಮೈಲಾರಪ್ಪ ಮುಂಡಾಸಿನ ತುದಿಯಿಂದ ಬೆವರು ಒರೆಸಿಕೊಂಡ. "ಅವ್ವನಾಣಿರಿ, ಕೂಲಿ ಹೆಣ್ಮಕ್ಕಳ ಬಿಟ್ರ ಯಾರೂ ಬಂದಿಲ್ಲ."

ಮರುದಿನ ಬೀರೇಶ ಹೆಸರಿಸಿದ ಮೂವರ ವಿಚಾರಣೆಯಾಯಿತು. ಇಬ್ಬರು ಕಳೆದ ಬೇಸಿಗೆಯಲ್ಲೇ ಊರು ಬಿಟ್ಟು ಮಕ್ಕಳ ಜೊತೆಗಿದ್ದರು. ಮೂರನೆಯವನು ನಿವೃತ್ತ ಬಸ್ ಚಾಲಕ ಅಮೋಘಸಿದ್ದಪ್ಪ. ವರ್ಷದ ಹಿಂದೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಕೋಲು ಹಿಡಿದು ನಡೆಯುತ್ತಿದ್ದ.

"ನೀವು ಬೀರೇಶಗ ಬೆದರಿಕಿ ಹಾಕಿದ್ದು ಖರೇನೇನು?"

"ಖರೇರಿ. ನಾ ಆಗಿದ್ರ ಸಿಪ್ಪಿ ಯಾಕ ಸುಲೀತಿದ್ದೆ, ಹಾಡಹಗಲ ಕೊಡ್ಲಿ ತಗೊಂಡು ಕಡೀತಿದ್ದೆ. ಯಾರು ಮಾಡ್ಯಾರೋ ಅವರ ಕೈ ತಣ್ಣಗಿರಲಿ."

"ಅಂಥಾದ್ದೇನು ಮಾಡ್ದ ನಿಮಗ?"

"ಗ್ರಾಚ್ಯುಟಿ ರೊಕ್ಕ ಬ್ಯಾಂಕಿನ್ಯಾಗ ಇಟ್ಟು ತಿಂಗಳಾ ಬಡ್ಡಿ ತಿನ್ಬೇಕಂತಿದ್ದೆ. ಅದರಕಿಂತ ಚಲೋ ಸ್ಕೀಮ್ ಐತಿ ಅಂತ ಸಹಿ ಮಾಡಿಸಿದ. ನೋಡಿದ್ರ ವರ್ಷಾ ಅಷ್ಟ ರೊಕ್ಕ ತುಂಬೂ ವಿಮಾ! ಪಗಾರ ನಿಂತಾಂವ ನಾ ಎಲ್ಲಿಂದ ತುಂಬ್ಲಿ? ದೂರು ಕೊಡಾಕ ನಾಚಿಕಿ ಬಂತ್ರಿ. ಅಷ್ಟು ವರ್ಷ ನೌಕರಿ ಮಾಡಿ ಓದಲಾರದ ಸಹಿ ಹಾಕ್ಯಾನ ಅಂತ ಮಂದಿ ನಗ್ತಾರಲ್ರಿ."

ಅವನನ್ನು ಬಿಟ್ಟು ಕಳಿಸಿ ಸುನೀತಾ ಪಂಚನಾಮೆಯ ನಕಾಶೆಯನ್ನು ಮತ್ತೊಮ್ಮೆ ಬಿಡಿಸಿದರು. ಗಾಯವಾದ ನಲವತ್ತೆರಡು ಗಿಡಗಳೂ ಬಾವಿಯ ಬದಿಯ ಆರು ಸಾಲಿನಲ್ಲಿದ್ದವು. ಆ ಸಾಲುಗಳಲ್ಲಿ ಒಂದೂ ತಪ್ಪಿರಲಿಲ್ಲ. ರಸ್ತೆಯ ಬದಿಯ ಆರು ಸಾಲಿನಲ್ಲಿ ಒಂದಕ್ಕೂ ಗಾಯವಿರಲಿಲ್ಲ.

"ಇಮಾಮಸಾಬ್ರ, ಕದ್ದು ಬಂದಾಂವ ಹಿಂಗ ಸಾಲು ಹಿಡಿದು ಮಾಡತಾನೇನು?"

"ಇಲ್ರಿ ಮೇಡಂ. ಇದು ಪಾಲು ಹಂಚಿಕೊಂಡು ಕೆಲಸಾ ಮಾಡಿದಂಗೈತಿ."

ಬೀರೇಶನನ್ನು ಕರೆಸಿ, ಸೆಪ್ಟೆಂಬರಿನಲ್ಲಿ ತೋಟದಲ್ಲಿ ಏನು ಕೆಲಸ ನಡೆದಿತ್ತೆಂದು ಕೇಳಿದರು. ಗಿಡಗಳ ಬುಡಕ್ಕೆ ಪಾತಿ ಮಾಡಿ ಗೊಬ್ಬರ ಹಾಕಿಸಿದ್ದಾಗಿ ಹೇಳಿ ಅವನು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ವಾಟ್ಸಾಪ್ ಸ್ಟೇಟಸ್‌ಗೆಂದು ತಾನೇ ಮಾಡಿದ್ದು. "ಅರವತ್ತರ ತನಕ ಓಡಾಡೂದು ಯಾಕ್ರಿ? ಈಗ ಹಾಕ್ರಿ, ಆಮ್ಯಾಲೆ ನನ್ನಂಗ ನೆರಳಾಗ ಕುಂತು ಉಣ್ರಿ," ಎಂದು ಅದರಲ್ಲಿ ಅವನ ದನಿಯಿತ್ತು. ರಸ್ತೆಯ ಬದಿಗೆ ನಾಲ್ವರು ಹೆಂಗಸರು ಮಾತಾಡುತ್ತ ಮಣ್ಣು ಎಳೆಯುತ್ತಿದ್ದರು. ದೂರ, ಬಾವಿಯ ಬದಿಗೆ, ಒಬ್ಬಳೇ ಒಬ್ಬಳು ಗಿಡಕ್ಕೆ ಮುಖ ಮಾಡಿ ಕುಕ್ಕರಗಾಲಲ್ಲಿ ಕುಳಿತಿದ್ದಳು.

"ಇವರು ಯಾರು?"

ಬೀರೇಶ ಮೊಬೈಲ್ ಹತ್ತಿರ ಹಿಡಿದು ನೋಡಿದ. ಅವನ ಮುಖ ಬದಲಾಯಿತು.

"ತಾಯವ್ವ ಅಂತರಿ. ದುಮ್ಮವಾಡದಾಕಿ." ಮೊಬೈಲ್ ಕೆಳಗಿಳಿಸಿ, "ಮೇಡಂ, ಹೋಗ್ಲಿ ಬಿಡ್ರಿ. ದೂರು ವಾಪಸ್ ತಗೋತೀನಿ," ಎಂದ.

"ನಿನ್ನೆ ತನಕ ಗಲ್ಲಿಗೆ ಹಾಕ್ರಿ ಅಂತಿದ್ರಿ."

"ವಯಸ್ಸಾದಾಕಿ. ಪಾಪ ಅಂತ..."

"ಆಕಿನೂ ನಿಮ್ಮ ಗಿರಾಕಿಯೇನು?"

ಬೀರೇಶ ಮೊಬೈಲನ್ನು ಮೇಜಿನ ಮೇಲೆ ಬೋರಲು ಇಟ್ಟ.

"ಮೂರು ಮಂದಿ ಹೆಸರು ಹೇಳಿದ್ರಿ. ಈಕಿ ಹೆಸರು ಯಾಕ ಹೇಳಲಿಲ್ಲ?"

"ಆಕಿ ಎಂದೂ ಜಗಳಾ ಮಾಡಿಲ್ಲಲ್ರಿ," ಎಂದ ಬೀರೇಶ.

ಎಫ್‌ಐಆರ್ ಆದ ಮೇಲೆ ದೂರು ಹಾಗೆ ಹಿಂದೆ ಪಡೆಯಲು ಬರುವುದಿಲ್ಲವೆಂದು ಹೇಳಿ ಸುನೀತಾ ಅವನನ್ನು ಕಳಿಸಿದರು. ಕೂಲಿ ಗುಂಪಿನ ಮುಂದಾಳು ಕೆಂಚವ್ವನ ಹೇಳಿಕೆ ಅದೇ ದಿನ ಆಯಿತು. ಮೊದಲು ಆಕೆ ಏನೂ ನೆನಪಿಲ್ಲವೆಂದಳು. ವಿಡಿಯೊ ತೋರಿಸಿದ ಮೇಲೆ ತಲೆ ಬಗ್ಗಿಸಿದಳು.

"ಬಾವಿ ಬಾಜು ನನಗ ಬಿಡ್ರಿ, ನಾ ಒಬ್ಬಾಕಿನ ಮಾಡ್ತೀನಿ ಅಂದ್ಲರಿ. ಗಿಡಕ್ಕ ಇಷ್ಟು ಅಂತ ಗುತ್ತಿಗಿ ಇತ್ತು. ನಮ್ಮದು ಮುಗದ ಮ್ಯಾಲೂ ಆಕಿ ವಾರಗಟ್ಟಲೆ ಬಂದು ಮಾಡಿದ್ಲು. ಇಷ್ಟು ಸಾವಕಾಶ ಮಾಡಿದ್ರ ಏನು ಗಿಟ್ಟತೈತಿ ಬೇ ಅಂತ ನಾನ ಬೈದಿದ್ದೆ."

ಬುಧವಾರ ಬೆಳಿಗ್ಗೆ ಜೀಪು ದುಮ್ಮವಾಡಕ್ಕೆ ಹೋಯಿತು. ತಾಯವ್ವನದು ಎರಡು ಖೋಲಿಯ ಮನೆ. ವಯಸ್ಸು ಅರವತ್ತೊಂದು. ಅರಣ್ಯ ಇಲಾಖೆಯ ಸಸಿ ಮಡಿಗಳಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಗಂಡ ಇಲ್ಲ. ಒಬ್ಬಳೇ ಮಗಳು ಶಿವಾನಿ, ಕುಂದಗೋಳಕ್ಕೆ ಮದುವೆಯಾಗಿ ಹೋದವಳು. ಪೊಲೀಸರನ್ನು ಕಂಡು ತಾಯವ್ವ ಗಾಬರಿಯಾಗಲಿಲ್ಲ. ಕಟ್ಟೆಯ ಮೇಲೆ ಚಾಪೆ ಹಾಸಿ, "ಬರ್ರಿ ಬಾಯಾರ, ಕುಂದರ್ರಿ," ಎಂದಳು.

"ತಾಯವ್ವಾರ, ಬೀರೇಶನ ತೋಟದಾಗ ಬಾವಿ ಬಾಜು ಪಾತಿ ಮಾಡಿದವರು ಯಾರು?"

"ನಾನರಿ."

"ಸಿಪ್ಪಿ ಸುಲದವರು?"

"ಅದೂ ನಾನರಿ. ಎಷ್ಟು ಒಣಗ್ಯಾವು?"

"ಹತ್ತೊಂಬತ್ತು."

"ಉಳದವೂ ಒಣಗತಾವ," ಎಂದು ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕಸಿ ಚಾಕು ತಂದು ಸುನೀತಾ ಅವರ ಕೈಗೆ ಕೊಟ್ಟಳು. ಪಂಚರ ಎದುರು ಅದನ್ನು ಜಪ್ತಿ ಮಾಡಲಾಯಿತು. ಮಹಿಳಾ ಪೇದೆಯ ಜೊತೆ ಅವಳನ್ನು ಠಾಣೆಗೆ ಕರೆತಂದರು.

ಅವಳ ಹೇಳಿಕೆ ದೀರ್ಘವಾಗಿತ್ತು. ನಡುವೆ ನೀರು ಬೇಕೇ ಎಂದರೆ ಬೇಡವೆಂದಳು.

ದಿನಗೂಲಿಯಿಂದ ಕಾಯಂ ಆದದ್ದು ತಡವಾಗಿದ್ದರಿಂದ ಅವಳಿಗೆ ಬರುತ್ತಿದ್ದ ಪಿಂಚಣಿ ಸಣ್ಣದು. ಅದಕ್ಕೇ ನಿವೃತ್ತಿಯ ಎಂಟು ಲಕ್ಷವನ್ನು ಬ್ಯಾಂಕಿನಲ್ಲಿಟ್ಟು ತಿಂಗಳ ಬಡ್ಡಿಯನ್ನು ಅದಕ್ಕೆ ಕೂಡಿಸಿಕೊಂಡು ಬದುಕುವುದೆಂದು ಮೊದಲೇ ಗೊತ್ತು ಮಾಡಿಕೊಂಡಿದ್ದಳು. ಮಗಳ ಮುಂದೆ ಕೈ ಚಾಚಬಾರದು, ಇನ್ನೊಬ್ಬರ ಹೊಲದಲ್ಲಿ ಬಗ್ಗಬಾರದು. ನೌಕರಿಯ ಕೊನೆಯ ದಿನ ಸಸಿ ಮಡಿಗೆ ನೀರು ಬಿಟ್ಟು ಸೊಂಟ ನೆಟ್ಟಗೆ ಮಾಡಿದಾಗ, ಇನ್ನು ಬಗ್ಗುವುದು ಮುಗಿಯಿತು ಅಂದುಕೊಂಡಿದ್ದಳು. ಆ ವಾರವೇ ಬೀರೇಶ ಪೇಢೆಯ ಪೊಟ್ಟಣ ಹಿಡಿದು ಬಂದ. ಬ್ಯಾಂಕಿನ ಬಡ್ಡಿ ಏನೂ ಅಲ್ಲ, ತಾನು ತಿಂಗಳಿಗೆ ಆರು ಸಾವಿರ ಬರುವಂತೆ ಮಾಡುತ್ತೇನೆಂದು ಹೇಳಿ, ಎಂಟು ಲಕ್ಷವನ್ನೂ ವಿಮೆಗೆ ಹಾಕಿಸಿ ಸಹಿ ಮಾಡಿಸಿಕೊಂಡ. ಆರು ತಿಂಗಳು ಹಣ ಬಂತು ಕೂಡ. ಅದು ಅವಳ ಹಣದಿಂದಲೇ ಬಂದ ಕಮಿಷನ್ನಿನ ಒಂದು ತುಣುಕೆಂದು ಅವಳಿಗೆ ಗೊತ್ತಿರಲಿಲ್ಲ. ವಿಮೆ ಬೇಡವೆಂದು ರದ್ದು ಮಾಡುವ ಅವಧಿ ಮುಗಿದ ಮೇಲೆಯೇ ಅವನು ಕಾಗದಗಳನ್ನು ಅವಳ ಕೈಗೆ ಕೊಟ್ಟಿದ್ದ. ವರ್ಷ ತುಂಬಿದಾಗ ಮತ್ತೆ ಎಂಟು ಲಕ್ಷ ತುಂಬಬೇಕು, ಇಲ್ಲವಾದರೆ ವಿಮೆ ಬಿದ್ದುಹೋಗುತ್ತದೆ ಎಂಬ ಸಂದೇಶ ಬಂತು. ಬಿದ್ದುಹೋಯಿತು. ಏನೂ ವಾಪಸು ಬರಲಿಲ್ಲ.

"ಕೇಳಾಕ ಹೋಗಿದ್ದೆರಿ. ಸಹಿ ನಿಂದ ಐತಲ್ಲ ಅಂದ. ನಾ ಅಳಲಿಲ್ಲ. ಎದ್ದು ಬರಾಕ ಹತ್ತಿದ್ದೆ. ಹಿಂದಿಂದ ಕರದು, ಕೈಕಾಲು ಗಟ್ಟಿ ಅದಾವಲ್ಲ ಬೇ, ನಮ್ಮ ತೋಟಕ್ಕ ಕೂಲಿಗೆ ಬಾ, ನಿನ್ನ ಕೈ ಬಿಡೂದಿಲ್ಲ ಅಂದ. ಆ ತೋಟ ನನ್ನಂಥಾ ಮಂದಿ ರೊಕ್ಕದಾಗ ತಗೊಂಡಾನಂತ ನನಗ ಗೊತ್ತಿತ್ತು. ಬರ್ತೀನಿ ಅಂದೆ."

"ಅವತ್ತ ಗಿಡಾ ಸುಲೀಬೇಕಂತ ಮಾಡಿದ್ರೇನು?"

"ಹೌದ್ರಿ. ಕಡದ್ರ ಒಂದ ದಿನದಾಗ ಮುಗೀತೈತಿ. ಅವಗ ಹೂ ತೋರಸಬೇಕಿತ್ತು. ವ್ಯಾಪಾರಿ ಬರಬೇಕಿತ್ತು. ಲೆಕ್ಕಾ ಹಾಕಿಕೊಂಡು ಅವ ಖುಷಿಲೇ ಮಲಗಬೇಕಿತ್ತು. ಆಮ್ಯಾಲೆ ಉದುರಬೇಕಿತ್ತು."

ಅಷ್ಟರಲ್ಲಿ ಬೀರೇಶ ಬಂದ. ತೋಟಗಾರಿಕೆ ಅಧಿಕಾರಿ ಅವನಿಗೆ ಹೇಳಿದ್ದರು: ಹಸಿರಿರುವ ಇಪ್ಪತ್ಮೂರನ್ನು ಉಳಿಸುವ ಕೈ ಈ ಭಾಗದಲ್ಲಿ ಇನ್ನೂ ಇದ್ದರೆ ಅದು ತಾಯವ್ವನದೇ. ಸುನೀತಾ ತಡೆಯಲಿಲ್ಲ. ಅವನು ಬಾಗಿಲಲ್ಲೇ ನಿಂತು ಕೈ ಮುಗಿದ.

"ಯವ್ವಾ, ತಪ್ಪಾಗೇತಿ. ಉಳದ ಗಿಡಾ ಉಳಿಸಿ ಕೊಡು. ನಿನ್ನ ರೊಕ್ಕ ಕೊಡ್ತೀನಿ. ಎಂಟೂ ಲಕ್ಷ ಕೊಡ್ತೀನಿ."

ತಾಯವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಮಾಮಹುಸೇನ ಕಣ್ಣೆತ್ತಿ, ಅವಳು ಒಪ್ಪಲಿ ಎಂಬಂತೆ ನೋಡಿದ.

"ಕಸಿ ಕಟ್ಟಾಕ ಬರತೈತಿ," ಎಂದಳು ತಾಯವ್ವ. "ಕಟ್ಟೂದಿಲ್ಲ. ರೊಕ್ಕ ನಾ ಕೋರ್ಟಿನ್ಯಾಗ ಕೇಳ್ತೀನಿ. ನೀ ಹೋಗು, ಗಿಡಕ್ಕ ನೀರು ಬಿಡು."

ಬೀರೇಶ ಹೊರಗೆ ಹೋದ. ಸುನೀತಾ ಅವರ ಸೂಚನೆಯಂತೆ ತಾಯವ್ವ ಅಲ್ಲೇ ವಂಚನೆಯ ದೂರು ಬರೆಸಿದಳು. ಸಂಜೆಯೊಳಗೆ ಸುದ್ದಿ ತಿಳಿದು ಅಮೋಘಸಿದ್ದಪ್ಪ ಕೋಲೂರುತ್ತ ಬಂದ. ಅವನ ಹಿಂದೆ ಇನ್ನೂ ನಾಲ್ವರು ನಿವೃತ್ತರು ಬಂದರು. ಬೀರೇಶನ ಮೇಲೆ ಎರಡನೆಯ ಎಫ್‌ಐಆರ್ ದಾಖಲಾಯಿತು. ಅವನ ಕಚೇರಿಗೆ ಬೀಗ ಬಿತ್ತು.

ತಾಯವ್ವನ ಬಂಧನ ಅದಕ್ಕೂ ಮೊದಲೇ, ಮಧ್ಯಾಹ್ನ ಮೂರು ಗಂಟೆಗೆ ಆಗಿತ್ತು. ಕಲಂ ಜಾಮೀನು ಸಿಗುವಂಥದು. ಮಗಳು ಶಿವಾನಿ ಬಂದು ಮೂಲೆಯ ಬೆಂಚಿನ ಮೇಲೆ ಕುಳಿತು ಸದ್ದಿಲ್ಲದೆ ಅಳುತ್ತಿದ್ದಳು. ಜಾಮೀನಿನ ಕಾಗದ ಸಿದ್ಧವಾಗುವವರೆಗೆ ಸುನೀತಾ ಹೇಳಿಕೆಯನ್ನು ಮತ್ತೊಮ್ಮೆ ಓದಿದರು. ಒಂದು ಪ್ರಶ್ನೆ ಉಳಿದಿತ್ತು. ಪ್ರಕರಣಕ್ಕೆ ಅದರ ಅಗತ್ಯವಿರಲಿಲ್ಲ. ಆದರೂ ಕೇಳಿದರು.

"ಮೂವತ್ತು ವರ್ಷ ಸಸಿ ಬೆಳಸಿದವರು ನೀವು. ಗಿಡದ ಮ್ಯಾಲೆ ಕೈ ಹೆಂಗ ಬಂತು?"

ತಾಯವ್ವ ತನ್ನ ಅಂಗೈ ನೋಡಿಕೊಂಡಳು.

"ಮೊದಲನೇ ಗಿಡಕ್ಕ ಬರಲಿಲ್ರಿ. ಚಾಕು ಕೆಳಗಿಟ್ಟು ಕುಂತಿದ್ದೆ, ಎದ್ದು ಮನಿಗೆ ಹೋಗೂಣು ಅಂತ ಮಾಡಿದ್ದೆ. ಅಷ್ಟರಾಗ ಅವ ಹಿಂದ ಬಂದು ನಿಂತು, ಚಲೋ ಮಾಡಾಕ ಹತ್ತಿ, ಹಿಂಗ ಬಗ್ಗಿ ದುಡಿ ಬೇ, ಮುದುಕಿಗೆ ಇದ ಪೆನ್ಶನ್ನು ಅಂತ ನಕ್ಕ. ಆಮ್ಯಾಲೆ ಚಾಕು ತಗೊಂಡೆ."

ಸುನೀತಾ ಆ ಮಾತನ್ನೂ ಹೇಳಿಕೆಯ ಕೊನೆಗೆ ಬರೆಸಿದರು. ಇಮಾಮಹುಸೇನ ಅದನ್ನು ಓದಿ ಹೇಳಿದ. ತಾಯವ್ವ ಪ್ರತಿಯೊಂದು ಪುಟವನ್ನೂ ತಾನೇ ಇನ್ನೊಮ್ಮೆ, ಬೆರಳಿಟ್ಟು, ನಿಧಾನವಾಗಿ ಓದಿಕೊಂಡು, ಆಮೇಲೆ ಸಹಿ ಮಾಡಿದಳು.